ಮಗಳು ಡಾಕ್ಟರಕಿಯ ಮೊದಲ ವರ್ಷ ನಪಾಸಾದರೆ



ಹೂಲಿ ಭಾಗದ ಒಂದು ಸಂಘದ ಸದಸ್ಯೆ ಮೂರು ವಾರ ಸಭೆಗೆ ಬರಲಿಲ್ಲ. ಉಳಿತಾಯದ ಹಣ ಮಾತ್ರ ಪಕ್ಕದ ಮನೆಯವರ ಕೈಯಲ್ಲಿ ತಪ್ಪದೆ ಬರುತ್ತಿತ್ತು. ನಾವು ಮನೆಗೆ ಹೋಗಿ ಕೇಳಿದಾಗ ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಏನ್ ಹೇಳ್ಲಿರಿ ಸಿಸ್ಟರ್, ಡಾಕ್ಟರಕಿ ಕಲಿಯಾಕ ಹೋದ ಮಗಳು ಮೊದಲನೇ ವರ್ಷದಾಗ ನಪಾಸಾಗ್ಯಾಳ. ಊರಾಗ ಹ್ಯಾಂಗ ಮುಖ ತೋರಿಸ್ಲಿ?" ಎಂದರು. ಮಗಳು ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ವಿಚಾರಿಸಿದರೆ, ಹೋದದ್ದು ಒಂದೇ ವಿಷಯ, ಅನಾಟಮಿ. ಉಳಿದ ಎರಡರಲ್ಲಿ ಪಾಸಾಗಿದ್ದಳು. ಇದು ತಾಯಿಗೆ ಗೊತ್ತೇ ಇರಲಿಲ್ಲ!

ಆದ್ದರಿಂದ ಮೊದಲು ನಿಯಮ ತಿಳಿದುಕೊಳ್ಳೋಣ. ಎಂ.ಬಿ.ಬಿ.ಎಸ್. ಮೊದಲ ಹಂತದಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆ ಇರುವುದು ಮೂರು ವಿಷಯಕ್ಕೆ: ದೇಹದ ರಚನೆ ಕಲಿಸುವ ಅನಾಟಮಿ, ದೇಹ ಹೇಗೆ ಕೆಲಸ ಮಾಡುತ್ತದೆಂದು ಕಲಿಸುವ ಫಿಸಿಯಾಲಜಿ, ದೇಹದ ರಸಾಯನ ಕಲಿಸುವ ಬಯೋಕೆಮಿಸ್ಟ್ರಿ. ಒಂದೊಂದಕ್ಕೂ ಎರಡು ಲಿಖಿತ ಪತ್ರಿಕೆ, ಮೇಲೆ ಪ್ರಾಯೋಗಿಕ ಮತ್ತು ಮೌಖಿಕ ಪರೀಕ್ಷೆ. ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಾಗಿಲ್ಲ. 2023ರ ರಾಷ್ಟ್ರೀಯ ನಿಯಮದ ಪ್ರಕಾರ, ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಪೂರಕ ಪರೀಕ್ಷೆ ನಡೆಸಬೇಕು. ಅದರಲ್ಲಿ ಪಾಸಾದವರು ತಮ್ಮ ಗೆಳತಿಯರ ಜೊತೆಗೇ ಎರಡನೇ ಹಂತಕ್ಕೆ ಹೋಗುತ್ತಾರೆ, ವರ್ಷ ಹಾಳಾಗುವುದಿಲ್ಲ. ಅಲ್ಲಿಯೂ ಹೋದರೆ ಮುಂದಿನ ವರ್ಷದವರ ಜೊತೆ ಸೇರಬೇಕು. ಮೊದಲ ಹಂತಕ್ಕೆ ಒಟ್ಟು ನಾಲ್ಕು ಅವಕಾಶ ಮಾತ್ರ, ಪೂರ್ತಿ ಕೋರ್ಸಿಗೆ ಸೇರಿದ ದಿನದಿಂದ ಒಂಬತ್ತು ವರ್ಷ. ಹಾಗಾಗಿ ಅಳುತ್ತಾ ಕೂರಲು ಸಮಯವೂ ಇಲ್ಲ, ಎಲ್ಲಾ ಮುಗೀತು ಅನ್ನಲು ಕಾರಣವೂ ಇಲ್ಲ.

ಜಾಣ ಹುಡುಗಿ ಯಾಕೆ ಎಡವಿದಳು? ನಮ್ಮ ರಾಜ್ಯದಲ್ಲಿ ಸೀಟು ಹಂಚುವಾಗ ಗ್ರಾಮೀಣ ಮಕ್ಕಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಇದೆ. ನೀಟ್ ಪರೀಕ್ಷೆಯನ್ನೂ 2017ರಿಂದ ಕನ್ನಡದಲ್ಲಿ ಬರೆಯಬಹುದು. ಆದರೆ ಕಾಲೇಜಿನ ಬಾಗಿಲು ದಾಟಿದ ಮರುದಿನದಿಂದ ಪಾಠ, ಪುಸ್ತಕ, ಪ್ರಶ್ನೆ ಎಲ್ಲಾ ಇಂಗ್ಲಿಷಿನಲ್ಲಿ. ಸೀಟು ಕೊಡುವಾಗ ಇರುವ ಕಾಳಜಿ ಸೀಟು ಸಿಕ್ಕ ಮೇಲೂ ಇರಬೇಕಿತ್ತು ಎಂದು ನಮಗೆ ಅನಿಸುತ್ತದೆ. ದೊಡ್ಡವರ ದೇಹದಲ್ಲಿ 206 ಎಲುಬು. ಒಂದೊಂದಕ್ಕೂ ಉದ್ದನೆಯ ಹೆಸರು, ಅದಕ್ಕೆ ಅಂಟಿದ ಸ್ನಾಯು, ಪಕ್ಕದ ನರ. ಈ ಹುಡುಗಿಗೆ ಉತ್ತರ ಗೊತ್ತಿತ್ತು. ಮೌಖಿಕದಲ್ಲಿ ಪರೀಕ್ಷಕರ ಮುಂದೆ ಬಾಯಿ ಬರಲಿಲ್ಲ.

ಇದು ಆಕೆಗೂ ಅಂಕಪಟ್ಟಿ ಬಿಡಿಸಿ ನೋಡಿದ ಮೇಲೆಯೇ ಖಾತ್ರಿಯಾಯಿತು. ಲಿಖಿತದಲ್ಲಿ ಹೋಯಿತೋ, ಪ್ರಾಯೋಗಿಕದಲ್ಲೋ? ಎಲ್ಲಿ ಸೋರುತ್ತದೋ ಅಲ್ಲಿ ಹೆಂಚು ಸರಿಸಬೇಕಲ್ಲವೇ? ನಂತರ ನಾಚಿಕೆ ಬಿಟ್ಟು ಆ ವಿಭಾಗದ ಶಿಕ್ಷಕರನ್ನು ಕಂಡು ಕೇಳಬೇಕು. ಬರೀ ಪುಸ್ತಕ ತಿರುವಿ ತಿರುವಿ ಓದುವುದಕ್ಕಿಂತ, ಪುಸ್ತಕ ಮುಚ್ಚಿ ತನ್ನನ್ನೇ ಪ್ರಶ್ನೆ ಕೇಳಿಕೊಂಡು ಬರೆದರೆ ಹೆಚ್ಚು ನೆನಪಿರುತ್ತದೆ. ಎಲುಬನ್ನು ಕೈಯಲ್ಲಿ ಹಿಡಿದು, ಗೆಳತಿಯ ಮುಂದೆ ಬಾಯಿಬಿಟ್ಟು ಹೇಳಬೇಕು. ರಾತ್ರಿ ನಿದ್ದೆ ಕೆಡಿಸಬಾರದು. ತರಗತಿಯ ಹಾಜರಿಯೂ ತಪ್ಪಬಾರದು, ಪಾಠಕ್ಕೆ ಶೇಕಡಾ 75, ಪ್ರಾಯೋಗಿಕಕ್ಕೆ 80 ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ.

ಹಿಂದೆ ರೊನಾಲ್ಡ್ ರಾಸ್ ಎಂಬ ವೈದ್ಯರು ಲಂಡನ್ನಿನಲ್ಲಿ ಒಂದು ಪರವಾನಗಿ ಪರೀಕ್ಷೆಯಲ್ಲಿ ನಪಾಸಾದರು. ಹಡಗಿನಲ್ಲಿ ವೈದ್ಯರಾಗಿ ದುಡಿಯುತ್ತಾ ಓದಿ 1881ರಲ್ಲಿ ಪಾಸಾದರು. 1883ರಲ್ಲಿ ನಮ್ಮ ಬೆಂಗಳೂರಿಗೆ ಬಂದಾಗ, ನಿಂತ ನೀರು ಇಲ್ಲದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಕಂಡುಹಿಡಿದು, 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಆಶಾ ಕಾರ್ಯಕರ್ತೆ ಬಂದು "ನಿಂತ ನೀರು ಚೆಲ್ರಿ" ಅನ್ನುವಾಗ ಇವರನ್ನು ನೆನೆಯಬಹುದು.

ಇನ್ನು ಮನೆಯವರ ಮಾತು. "ಲಗ್ನಾ ಮಾಡಿ ಕಳಿಸಿಬಿಡೂಣು" ಎಂದು ಅಪ್ಪ, ಕಾಕಾ ಅನ್ನುತ್ತಾರೆ. ಆ ವಾರಗಳಲ್ಲಿ ಇಂಥ ಮಾತು ಬೇಡ. ಮಗಳನ್ನು ಮನೆಗೆಲಸಕ್ಕೆ ನಿಲ್ಲಿಸಿಕೊಳ್ಳದೆ ಹಾಸ್ಟೆಲಿಗೆ ಕಳಿಸಿರಿ, ಪುಸ್ತಕ, ಗೆಳತಿಯರು ಇರುವುದು ಅಲ್ಲೇ. ಸಿಟ್ಟಿನಲ್ಲಿ ಸೀಟು ಬಿಡುವ ಮೊದಲು ದಂಡ ಎಷ್ಟು, ಶುಲ್ಕ ಎಷ್ಟು ಎಂದು ಕಾಲೇಜಿನಲ್ಲಿ ಬರಹದಲ್ಲಿ ಕೇಳಿರಿ. ಮಗಳು ಊಟ ಬಿಟ್ಟರೆ, ನಿದ್ದೆ ಮಾಡದಿದ್ದರೆ, "ನಾ ಇರಬಾರದು" ಎಂಬಂಥ ಮಾತಾಡಿದರೆ ಒಬ್ಬಳನ್ನೇ ಬಿಡಬೇಡಿರಿ. ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿರಿ. ಹಣ ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರರಿಗೂ ತೋರಿಸಿರಿ. ಒಂದು ಪರೀಕ್ಷೆಯ ಸಲುವಾಗಿ ಜೀವ ಕಳೆದುಕೊಂಡ ಮಕ್ಕಳ ಮನೆಗೆ ನಾವು ಹೋಗಿದ್ದೇವೆ. ಅಲ್ಲಿ ಆಡಲು ನಮಗೆ ಮಾತೇ ಇರಲಿಲ್ಲ.

ನಾಲ್ಕನೇ ವಾರ ಆ ತಾಯಿ ಸಭೆಗೆ ಬಂದರು. ಪರೀಕ್ಷಾ ಶುಲ್ಕಕ್ಕೂ ಬಸ್ಸಿನ ಖರ್ಚಿಗೂ ಸಂಘದಿಂದ ಸಾಲ ಕೇಳಿದರು. ಕಾರಣವೇನೆಂದು ಪುಸ್ತಕ ಬರೆಯುವ ಹುಡುಗಿ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅನಾಟಮಿ ಅಂತ ಬರಿ" ಎಂದರು. ಎಲ್ಲರೂ ಸಹಿ ಮಾಡಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಹುಡುಗಿ ಪೂರಕ ಪರೀಕ್ಷೆಯಲ್ಲಿ ಪಾಸಾಗಿ ಎರಡನೇ ಹಂತಕ್ಕೆ ಹೋದಳು. ಸಾಲದ ಕೊನೆಯ ಕಂತನ್ನು ಅವಳೇ ರಜೆಯಲ್ಲಿ ಬಂದು ಕಟ್ಟಿದಳು.