ಮಧ್ಯಾಹ್ನ ಮೂರು ಗಂಟೆಯ ಗಡುವು

2023ರ ಫೆಬ್ರುವರಿ 17, ಶುಕ್ರವಾರ ರಾತ್ರಿ. ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿರುವ ಅಕ್ಕನ ಮನೆಯಲ್ಲಿ ಊಟ ಮುಗಿದು ದೀಪ ಆರಿಸುವ ಹೊತ್ತು. ಅಕ್ಕನ ಮಗ ದಡದಡನೆ ಮೆಟ್ಟಿಲಿಳಿದು ಬಂದ. "ಮಾವ, ರಯಾನ್ ಓ'ರೈಲಿ ನಮ್ಮ ಲೀಫ್ಸ್‌ಗೆ ಬಂದ!" ಅಡುಗೆಮನೆ ಮೇಜಿನ ಮೇಲಿದ್ದ ತರಕಾರಿ ಬಿಲ್ಲಿನ ಹಿಂಬದಿಗೆ ಪೆನ್ನಿನಲ್ಲಿ ಲೆಕ್ಕ ಬರೆದು ತೋರಿಸಿದ. ಆಟಗಾರನ ವರ್ಷದ ಸಂಬಳದ ಲೆಕ್ಕ 75 ಲಕ್ಷ ಡಾಲರ್. ಅರ್ಧ ಹಳೆಯ ತಂಡ ಸೇಂಟ್ ಲೂಯಿಸ್ ತಲೆಗೆ. ಉಳಿದದ್ದರಲ್ಲಿ ಅರ್ಧ, ನಡುವೆ ಕೈಹಾಕಿದ ಮಿನ್ನೆಸೋಟ ತಂಡದ ತಲೆಗೆ. ಟೊರೊಂಟೊದ ಐಸ್ ಹಾಕಿ ತಂಡ ಮೇಪಲ್ ಲೀಫ್ಸ್ ಪಾಲಿಗೆ ಬಿದ್ದದ್ದು 18 ಲಕ್ಷ 75 ಸಾವಿರ ಮಾತ್ರ.

"ಅದೆಲ್ಲ ಸರಿ ಕಣೋ, ಮೊದಲ ಸುತ್ತಿನ ಪಿಕ್ ಕೊಟ್ಟುಬಿಟ್ರಲ್ಲ" ಅಂದರು ಭಾವ. ಪಿಕ್ ಅಂದರೆ ಪ್ರತಿವರ್ಷ ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು. "ಬೇಸಿಗೆಗೆ ಅವನು ಬೇರೆ ಕಡೆ ಹೊರಟುಹೋದ್ರೆ?"

"ನಾವು ಕಪ್ ಗೆದ್ದು 1967ಕ್ಕೆ ಆಯ್ತಪ್ಪ. ಇನ್ನೆಷ್ಟು ವರ್ಷ ಪಿಕ್ ಕಾಯ್ಕೊಂಡು ಕೂತಿರೋದು?"

ಅಕ್ಕ ಬಂದು ಗದರುವವರೆಗೂ ಈ ವಾದ ನಡೆಯಿತು. ಆಮೇಲೆ ನಡೆದದ್ದು ನೋಡಿದರೆ ಅಪ್ಪ, ಮಗ ಇಬ್ಬರ ಮಾತೂ ನಿಜವಾಯಿತು. 2004ರ ನಂತರ ಮೊದಲ ಬಾರಿಗೆ ಟೊರೊಂಟೊ ಪ್ಲೇಆಫ್‌ನಲ್ಲಿ ಒಂದು ಸುತ್ತು ಗೆದ್ದಿತು. ಎರಡನೆಯ ಸುತ್ತಿನಲ್ಲಿ ಸೋತಿತು. ಜುಲೈನಲ್ಲಿ ಓ'ರೈಲಿ ನ್ಯಾಶ್‌ವಿಲ್‌ಗೆ ಹೊರಟುಹೋದ.

ಫೆಬ್ರುವರಿ ಬಂತೆಂದರೆ ಕೆನಡಾದಲ್ಲಿ ಈ ಚರ್ಚೆ ಇಲ್ಲದ ಕಾಫಿ ಅಂಗಡಿ ಇಲ್ಲ, ಕಚೇರಿ ಇಲ್ಲ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ. ಒಂದೊಂದಕ್ಕೂ ಎಂಬತ್ತಕ್ಕೂ ಹೆಚ್ಚು ಪಂದ್ಯ. ಕೊನೆಗೆ 16 ತಂಡ ಪ್ಲೇಆಫ್‌ಗೆ, ಅದರಲ್ಲಿ ಗೆದ್ದವರಿಗೆ ಸ್ಟಾನ್ಲಿ ಕಪ್. ಋತು ಮುಗಿಯಲು ಐದಾರು ವಾರ ಇರುವಾಗ, ಸಾಮಾನ್ಯವಾಗಿ ಮಾರ್ಚ್ ಮೊದಲ ವಾರದಲ್ಲಿ, ಒಂದು ದಿನ ಗೊತ್ತುಮಾಡುತ್ತಾರೆ. ಆ ಮಧ್ಯಾಹ್ನ ಮೂರು ಗಂಟೆಯೊಳಗೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬೇಕು. ಗಡುವು ದಾಟಿ ಬಂದವನು ಹೊಸ ತಂಡದ ಪರವಾಗಿ ಪ್ಲೇಆಫ್ ಆಡುವಂತಿಲ್ಲ. ಕ್ಯಾಮರೂನ್ ಗ್ರೀನ್ 2023ರ ನವೆಂಬರ್‌ನಲ್ಲಿ ಮುಂಬೈಯಿಂದ ಆರ್‌ಸಿಬಿಗೆ ಬಂದದ್ದು ನಮ್ಮ ಓದುಗರಿಗೆ ನೆನಪಿರುತ್ತದೆ. ಆದರೆ ಅದು ಬಿಡುವಿನ ಕಾಲದ ವ್ಯವಹಾರ. ಇಲ್ಲಿ ಋತುವಿನ ನಟ್ಟನಡುವೆ, ನಿನ್ನೆ ಜೊತೆಯಲ್ಲಿ ಆಡಿದವನು ಇವತ್ತು ಎದುರಾಳಿ.

ಈ ಗಡುವಿನ ಬೇರು ಹುಡುಕಿ ಹೊರಟರೆ ಎನ್‌ಎಚ್‌ಎಲ್ ಹುಟ್ಟಿದ 1917ಕ್ಕಿಂತಲೂ ಹಿಂದಕ್ಕೆ ಹೋಗಬೇಕು. ಸ್ಟಾನ್ಲಿ ಕಪ್ ಆಗ ಲೀಗಿನ ಸೊತ್ತಾಗಿರಲಿಲ್ಲ. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟಾನ್ಲಿ 1892ರಲ್ಲಿ ಕೊಟ್ಟ ಬೆಳ್ಳಿ ಬಟ್ಟಲು ಅದು. ಯಾವ ಊರಿನ ತಂಡವಾದರೂ ಸವಾಲು ಹಾಕಿ ಆಡಬಹುದಿತ್ತು. ಒಂಟಾರಿಯೊದ ವಾಯವ್ಯ ಮೂಲೆಯಲ್ಲಿ, ಸರೋವರದ ದಂಡೆಯ ಮೇಲೆ ಕೆನೋರಾ ಎಂಬ ಪುಟ್ಟ ಊರು. ಆಗ ಅದರ ಜನಸಂಖ್ಯೆ ಸುಮಾರು ನಾಲ್ಕು ಸಾವಿರ. 1907ರ ಜನವರಿಯಲ್ಲಿ ಈ ಊರಿನ ಥಿಸಲ್ಸ್ ತಂಡ ಮಾಂಟ್ರಿಯಲ್‌ಗೆ ಹೋಗಿ ಅಲ್ಲಿನ ವಾಂಡರರ್ಸ್ ತಂಡವನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿ ಕಪ್ ತಂದಿತು. ಅಷ್ಟು ಚಿಕ್ಕ ಊರು ಆ ಕಪ್ ಗೆದ್ದದ್ದು ಅದೊಂದೇ ಸಲ.

ಆ ತಂಡದಲ್ಲಿ ಬ್ರ್ಯಾಂಡನ್ ಊರಿನಿಂದ ಈ ಸರಣಿಗೆಂದೇ ಕರೆತಂದ ಆಟಗಾರನೊಬ್ಬನಿದ್ದ. ಹೆಸರು ಆರ್ಟ್ ರಾಸ್. ಇವತ್ತಿಗೂ ಲೀಗಿನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವನಿಗೆ ಕೊಡುವ ಪ್ರಶಸ್ತಿ ಇರುವುದು ಅವನ ಹೆಸರಿನಲ್ಲೇ. ಎರಡೇ ತಿಂಗಳಲ್ಲಿ ವಾಂಡರರ್ಸ್ ಮರುಸವಾಲು ಹಾಕಿತು. ಈ ಸಲ ಕೆನೋರಾ ಒಟ್ಟಾವದಿಂದ ಇಬ್ಬರನ್ನು ಎರವಲು ತಂದಿತು. ವಾಂಡರರ್ಸ್ ತಕರಾರು ತೆಗೆಯಿತು. ಕಪ್ಪಿನ ಧರ್ಮದರ್ಶಿ ವಿಲಿಯಂ ಫೋರನ್ ಆ ಇಬ್ಬರೂ ಆಡುವಂತಿಲ್ಲ ಎಂದರು. ಕೊನೆಗೆ ತಂಡಗಳೇ ಆ ತೀರ್ಪನ್ನು ಬದಿಗಿಟ್ಟು ವಿನ್ನಿಪೆಗ್‌ನಲ್ಲಿ ಆಡಿದವು. ಕಪ್ ಮತ್ತೆ ಮಾಂಟ್ರಿಯಲ್‌ಗೆ ಹೋಯಿತು.

ಮರುವರ್ಷ ಡಿಸೆಂಬರ್‌ನಲ್ಲಿ ಎಡ್ಮಂಟನ್ ಇದನ್ನೂ ಮೀರಿಸಿತು. ಅದು ಮಾಂಟ್ರಿಯಲ್‌ಗೆ ಕಳಿಸಿದ ತಂಡದಲ್ಲಿ ಊರಿನವರಿಗಿಂತ ಹೊರಗಿನವರೇ ಹೆಚ್ಚು. ಲೆಸ್ಟರ್ ಪ್ಯಾಟ್ರಿಕ್, ಡಿಡಿಯೆ ಪಿತ್ರ್, ಕೆನೋರಾದ ನಾಯಕನಾಗಿದ್ದ ಟಾಮಿ ಫಿಲಿಪ್ಸ್, ಎಲ್ಲರೂ ಕಪ್ಪಿಗಾಗಿ ಬಂದ ಬಾಡಿಗೆ ಬಂಟರು. ಆದರೂ ಗೆದ್ದದ್ದು ವಾಂಡರರ್ಸ್. ದುಡ್ಡಿದ್ದವರು ಕೊನೆ ಗಳಿಗೆಯಲ್ಲಿ ಕಪ್ ಕೊಂಡುಕೊಳ್ಳುವ ಹಾಗೆ ಆಗಬಾರದು ಎಂಬ ಮಾತು ಗಟ್ಟಿಯಾದದ್ದು ಈ ಜಗಳಗಳಲ್ಲಿ. ಇಂದಿನ ಗಡುವು ಕಾಯುವುದೂ ಅದನ್ನೇ. ಬೇಲಿಯಾಗಿ ಹುಟ್ಟಿದ್ದು ಮುಂದೆ ಜಾತ್ರೆಯಾಯಿತು.

ಅದಕ್ಕೆ ಕಾರಣ 1980ರ ಮಾರ್ಚ್ 10ರ ಒಂದು ವಿನಿಮಯ. ನ್ಯೂಯಾರ್ಕ್ ಐಲ್ಯಾಂಡರ್ಸ್ ಆಗ ಬಲವಾದ ತಂಡ, ಆದರೆ ಪ್ಲೇಆಫ್‌ನಲ್ಲಿ ಎಡವುತ್ತಿತ್ತು. ವ್ಯವಸ್ಥಾಪಕ ಬಿಲ್ ಟೋರಿ ಗಡುವಿನ ದಿನ ಲಾಸ್ ಏಂಜಲಿಸ್‌ನಿಂದ ಬುಚ್ ಗೋರಿಂಗ್ ಎಂಬ ಸೆಂಟರ್ ಆಟಗಾರನನ್ನು ತಂದರು. ಮೂವತ್ತರ ಪ್ರಾಯ, ಸಣ್ಣ ಆಳು. ಹನ್ನೆರಡನೆಯ ವಯಸ್ಸಿನಲ್ಲಿ ಹಾಕಿಕೊಂಡ ಹೆಲ್ಮೆಟನ್ನೇ ಇನ್ನೂ ಹಾಕಿಕೊಂಡು ಆಡುತ್ತಿದ್ದ. ಬದಲಿಗೆ ಕೊಟ್ಟವರು ಇಬ್ಬರು. ಒಬ್ಬ ಡೇವ್ ಲೂಯಿಸ್. ಇನ್ನೊಬ್ಬ ಬಿಲ್ಲಿ ಹ್ಯಾರಿಸ್, ತಂಡ ಹುಟ್ಟಿದ 1972ರಲ್ಲಿ ಮೊಟ್ಟಮೊದಲು ಆರಿಸಿಕೊಂಡ ಹುಡುಗ. ಮನೆಯ ಚೊಚ್ಚಲ ಮಗನನ್ನು ಕೊಟ್ಟಂತೆ. ಆ ಮೇ ತಿಂಗಳಲ್ಲಿ ಐಲ್ಯಾಂಡರ್ಸ್ ಕಪ್ ಗೆದ್ದಿತು. ಮುಂದಿನ ಮೂರು ವರ್ಷವೂ ಗೆದ್ದಿತು. 1981ರ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಗೋರಿಂಗ್. ಅಲ್ಲಿಂದ ಮುಂದೆ ಪ್ರತಿ ಊರಿನ ಅಭಿಮಾನಿಗೂ ಒಂದೇ ಪ್ರಶ್ನೆ: ನಮಗೆ ಕಮ್ಮಿ ಇರುವ ಆ ಒಬ್ಬ ಯಾರು, ಅವನಿಗಾಗಿ ಯಾರನ್ನು ಬಿಟ್ಟುಕೊಡಬಹುದು?

ಯಾರನ್ನು ಬೇಕಾದರೂ, ಎಂಬ ಕಹಿ ಉತ್ತರ ಬಂದದ್ದು 1988ರ ಆಗಸ್ಟ್ 9ರಂದು. ಅದು ಗಡುವಿನ ದಿನವಲ್ಲ, ಬೇಸಿಗೆ. ಎಡ್ಮಂಟನ್‌ಗೆ ನಾಲ್ಕು ಕಪ್ ಗೆದ್ದುಕೊಟ್ಟ ವೇಯ್ನ್ ಗ್ರೆಟ್ಸ್‌ಕಿಯನ್ನು ಮಾಲೀಕ ಪೀಟರ್ ಪಾಕ್ಲಿಂಗ್‌ಟನ್ ಲಾಸ್ ಏಂಜಲಿಸ್‌ಗೆ ಕೊಟ್ಟರು. ಕೈಗೆ ಬಂದದ್ದು ಇಬ್ಬರು ಆಟಗಾರರು, ಮೂರು ಮೊದಲ ಸುತ್ತಿನ ಪಿಕ್, ಒಂದೂವರೆ ಕೋಟಿ ಡಾಲರ್ ನಗದು. ಪತ್ರಿಕಾಗೋಷ್ಠಿಯಲ್ಲಿ ಗ್ರೆಟ್ಸ್‌ಕಿ ಮಾತು ಮುಗಿಸಲಾಗದೆ ಕಣ್ಣೊರೆಸಿಕೊಂಡ. ಸರ್ಕಾರವೇ ಇದನ್ನು ತಡೆಯಬೇಕೆಂದು ಸಂಸದ ನೆಲ್ಸನ್ ರಿಸ್ ಒತ್ತಾಯಿಸಿದರು. 27 ವರ್ಷದ, ಲೋಕವೇ ಮೆಚ್ಚಿದ ಆಟಗಾರನನ್ನೇ ಮಾರಬಹುದಾದರೆ ಯಾವ ತಂಡದಲ್ಲೂ ಯಾರೂ ಶಾಶ್ವತರಲ್ಲ ಎಂಬುದು ಅಂದು ಕೆನಡಾದ ಮಕ್ಕಳಿಗೂ ಅರ್ಥವಾಯಿತು.

ಒಂದು ಊರು ಅದನ್ನು ಇನ್ನೂ ನೋವಿನಿಂದ ಕಲಿಯಿತು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್. ಹತ್ತು ವರ್ಷ ಅಲ್ಲೇ ಆಡಿ ಬೆಳೆದ ರಾನ್ ಫ್ರಾನ್ಸಿಸ್‌ನನ್ನು 1991ರ ಮಾರ್ಚ್ 4ರಂದು ಪಿಟ್ಸ್‌ಬರ್ಗ್‌ಗೆ ಕೊಟ್ಟರು. ಪಿಟ್ಸ್‌ಬರ್ಗ್ ಆ ವರ್ಷವೂ ಮರುವರ್ಷವೂ ಕಪ್ ಎತ್ತಿತು. ಹಾರ್ಟ್‌ಫರ್ಡ್ ತಂಡ 1997ರಲ್ಲಿ ಊರನ್ನೇ ಬಿಟ್ಟು ನಾರ್ತ್ ಕ್ಯಾರೊಲೈನಾಕ್ಕೆ ಹೋಯಿತು. ಒಂದು ವಿನಿಮಯದಿಂದಲೇ ತಂಡ ಹೋಯಿತು ಎನ್ನಲಾಗದು. ಆದರೆ ಜನರ ಮನಸ್ಸು ಮುರಿದದ್ದು ಆ ದಿನ ಎಂದೇ ನನ್ನ ನಂಬಿಕೆ.

2005ರಲ್ಲಿ ವಾದದ ಸ್ವರೂಪವೇ ಬದಲಾಯಿತು. ಮಾಲೀಕರ ಮತ್ತು ಆಟಗಾರರ ಜಗಳದಲ್ಲಿ 2004-05ರ ಇಡೀ ಋತು ರದ್ದಾಗಿ, ಆಟ ಮರಳಿದಾಗ ಪ್ರತಿ ತಂಡದ ಸಂಬಳಕ್ಕೂ ಮಿತಿ ಬಂತು. ಮೊದಲ ವರ್ಷ 3 ಕೋಟಿ 90 ಲಕ್ಷ ಡಾಲರ್. ಅಲ್ಲಿಯವರೆಗೆ ಯಾರು ಚೆನ್ನಾಗಿ ಆಡುತ್ತಾನೆ ಎಂದಷ್ಟೇ ಕೇಳುತ್ತಿದ್ದ ಅಭಿಮಾನಿ, ಅವನ ಸಂಬಳ ಎಷ್ಟು, ಒಪ್ಪಂದ ಇನ್ನೆಷ್ಟು ವರ್ಷ ಎಂದೂ ಕೇಳತೊಡಗಿದ. 2013ರಿಂದ, ಹಳೆಯ ತಂಡ ಅರ್ಧ ಹೊರುತ್ತದೆಯೇ ಎಂಬ ಪ್ರಶ್ನೆಯೂ ಸೇರಿತು. ಅಕ್ಕನ ಮಗ ತರಕಾರಿ ಬಿಲ್ಲಿನ ಹಿಂದೆ ಬರೆದ ಲೆಕ್ಕ ಹುಟ್ಟಿದ್ದು ಇಲ್ಲಿಂದ. ಹದಿನೇಳರ ಹುಡುಗ ಕಂಪನಿಯ ಲೆಕ್ಕಿಗರಂತೆ ಕೂಡಿ ಕಳೆಯುತ್ತಾನೆ, ಯಾಕೆಂದರೆ ಅವನಿಗೆ ತಂಡ ಬೇಕು. ಹಾಗಾಗಿಯೇ ಈ ಚರ್ಚೆಯನ್ನು ಕಾಡುಹರಟೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ತೀರ್ಮಾನದಲ್ಲಿ ಒಂದು ಸಾಸಿವೆಯಷ್ಟೂ ಹಕ್ಕಿಲ್ಲದವರು ಅದನ್ನು ತಮ್ಮ ಮನೆಯ ಮದುವೆ ಮಾತುಕತೆಯಷ್ಟೇ ಮನಸ್ಸಿಟ್ಟು ಮಾಡುತ್ತಾರೆ.

ಗಡುವಿನ ದಿನ ಬೆಳಗಿನಿಂದಲೇ ಕೆನಡಾದ ಕ್ರೀಡಾ ವಾಹಿನಿಗಳಲ್ಲಿ ಅದೇ ಸುದ್ದಿ. ಎರಡು ತಂಡಗಳು ಒಪ್ಪಿದರೆ ಸಾಲದು. ಲೀಗಿನ ಕಚೇರಿಗೆ ತಿಳಿಸಿ, ಅಲ್ಲಿನವರು ಒಪ್ಪಂದ, ಸಂಬಳ ಎಲ್ಲ ಪರಿಶೀಲಿಸಿ ಸರಿ ಎನ್ನಬೇಕು. ಮೂರಕ್ಕೆ ಮೊದಲೇ ತಿಳಿಸಿ ಸರದಿಯಲ್ಲಿದ್ದ ವ್ಯವಹಾರ ಊರ್ಜಿತ. ಹೀಗಾಗಿ ಗಂಟೆ ಮೂರು ಹೊಡೆದ ಮೇಲೂ ಸುದ್ದಿ ಹೊರಬೀಳುತ್ತಲೇ ಇರುತ್ತದೆ. ಆ ಅರ್ಧ ಗಂಟೆ ಅಭಿಮಾನಿಗೆ ಪರೀಕ್ಷೆಯ ಫಲಿತಾಂಶ ಕಾದ ಹಾಗೆ.

2025ರ ಮಾರ್ಚ್ 7ರಂದು ಬಾಸ್ಟನ್ ಜನ ಅದನ್ನು ಅನುಭವಿಸಿದರು. ನಾಯಕ ಬ್ರಾಡ್ ಮಾರ್ಶಂಡ್, 2011ರಲ್ಲಿ ಬಾಸ್ಟನ್ ಬ್ರೂಯಿನ್ಸ್ ಕಪ್ ಗೆದ್ದಾಗಿನ ತಂಡದವನು, ಫ್ಲೋರಿಡಾಗೆ ಹೋದ. ಹಿಂದಿನ ಎರಡೂ ವರ್ಷ ಬಾಸ್ಟನ್ನನ್ನು ಪ್ಲೇಆಫ್‌ನಿಂದ ಹೊರಹಾಕಿದ್ದ ಅದೇ ಫ್ಲೋರಿಡಾ. ಜೂನ್‌ನಲ್ಲಿ ಆ ತಂಡ ಕಪ್ ಗೆದ್ದಿತು. ಫೈನಲ್‌ನಲ್ಲಿ ಮಾರ್ಶಂಡ್ ಆರು ಗೋಲು ಹೊಡೆದ.

ಬಾಸ್ಟನ್‌ಗೆ ಇದು ಹೊಸ ನೋವಲ್ಲ. ಆರ್ಟ್ ರಾಸ್ ಮುಂದೆ ಕಟ್ಟಿ ಬೆಳೆಸಿದ್ದು ಇದೇ ಬ್ರೂಯಿನ್ಸ್ ತಂಡವನ್ನು. 1979ರಿಂದ ಅದರ ಬೆನ್ನೆಲುಬಾಗಿದ್ದ ಡಿಫೆನ್ಸ್ ಆಟಗಾರ ರೇ ಬೋರ್ಕ್ ಒಂದು ಕಪ್ಪನ್ನೂ ಕಾಣದೆ ಮೂವತ್ತೊಂಬತ್ತಕ್ಕೆ ಬಂದಿದ್ದ. ಗೆಲ್ಲುವ ತಂಡಕ್ಕೆ ಕಳಿಸಿ ಎಂದು ಅವನೇ ಕೇಳಿದ. 2000ದ ಮಾರ್ಚ್ 6ರಂದು ಕೊಲೊರಾಡೊಗೆ ಕಳಿಸಿದರು. 2001ರ ಜೂನ್ 9, ಡೆನ್ವರ್, ಏಳನೆಯ ಫೈನಲ್ ಪಂದ್ಯ. ಗೆದ್ದ ತಂಡದ ನಾಯಕ ಜೋ ಸಾಕಿಕ್ ಕಪ್ ಕೈಗೆ ಬಂದೊಡನೆ ವಾಡಿಕೆಯಂತೆ ತಲೆಯ ಮೇಲೆ ಎತ್ತಲಿಲ್ಲ. ತಿರುಗಿ ನೇರ ಬೋರ್ಕ್ ಕೈಗೆ ಕೊಟ್ಟ. 22 ಋತು, ಪ್ಲೇಆಫ್ ಬಿಟ್ಟೇ 1,612 ಪಂದ್ಯ ಆಡಿದವನ ಕೊನೆಯ ಪಂದ್ಯ ಅದು.

ಕೆಲವೇ ದಿನಗಳಲ್ಲಿ ಬೋರ್ಕ್ ಆ ಕಪ್ಪನ್ನು ಬಾಸ್ಟನ್ ನಗರಸಭೆಯ ಮುಂದಿನ ಚೌಕಕ್ಕೆ ತಂದ. ಬೇರೆ ಊರಿನ ತಂಡ ಗೆದ್ದ ಕಪ್ ನೋಡಲು ಸಾವಿರಾರು ಬಾಸ್ಟನ್ ಜನ ಸೇರಿ ಅವನ ಹೆಸರು ಕೂಗಿದರು. ಅವರ ಸ್ವಂತ ತಂಡ ಕಪ್ ಗೆಲ್ಲುವುದಕ್ಕೆ ಇನ್ನೂ ಹತ್ತು ವರ್ಷ ಇತ್ತು.