ವಾಂತಿ ನಿಂತರೆ ವಿಷ ಇಳೀತು ಅಂತಲ್ಲ

ಮಗು ಬೇಲಿಯ ಹಳದಿ ಕಣಗಿಲೆ ಕಾಯಿ ತಿಂದಿರುತ್ತೆ. ವಾಂತಿ ಆಯ್ತು, ಈಗ ಮಾತಾಡ್ತಿದೆ ಅಂತ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಹೊರಡ್ತಾರಲ್ಲ, ನನಗೆ ಭಯ ಆಗೋದೇ ಅಲ್ಲಿ. ಆ ವಿಷ ಹಿಡಿಯುವುದು ಹೃದಯವನ್ನು. ಎದ್ದು ಕೂತು ಮಾತಾಡುತ್ತಿರುವವರಿಗೂ ನಾಡಿ ನಿಧಾನವಾಗುತ್ತದೆ, ಬಡಿತ ತಾಳ ತಪ್ಪುತ್ತದೆ. ಗಂಟೆಗಟ್ಟಲೆ ಕಳೆದ ಮೇಲೂ ಹೃದಯ ನಿಲ್ಲಬಹುದು. ವೈದ್ಯರು ಮತ್ತೆ ಮತ್ತೆ ಇಸಿಜಿ ತೆಗೆಯೋದು, ರಕ್ತದ ಪೊಟ್ಯಾಸಿಯಂ ನೋಡೋದು ಅದಕ್ಕೇ. ಬಿಲ್ ಏರಿಸೋಕಲ್ಲ ಸ್ವಾಮಿ!

ದತ್ತೂರಿಯದು ಬೇರೆಯೇ ಲಕ್ಷಣ. ನಾಡಿ ಓಡುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಬಾಯಿ ಒಣಗುತ್ತದೆ, ಇಲ್ಲದ್ದನ್ನು ಕಂಡು ಬಡಬಡಿಸುತ್ತಾರೆ. ದೆವ್ವ ಹಿಡೀತು ಅಂತ ಮಂತ್ರವಾದಿ ಹತ್ತಿರ ಓಡುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಳಿದ ಕಾಯಿಯೋ ಎಲೆಯೋ ಚೀಲಕ್ಕೆ ಹಾಕಿಕೊಂಡು ನೇರ ಆಸ್ಪತ್ರೆಗೆ ಹೋಗಿ, ತಿಂದ ಹೊತ್ತು ಹೇಳಿ.