ಭಾರವೆಳೆಯುವ ಮೋಟಾರು ಬಂಡಿಯ ಹದ

ಬೇಸಗೆ ಬಂತೆಂದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಒಹಾಯೋ, ಇಂಡಿಯಾನಾ, ಮಿಸೂರಿ ಮೊದಲಾದ ಬೇಸಾಯದ ಪ್ರಾಂತಗಳಲ್ಲಿ ಅಲ್ಲಲ್ಲಿ ಜಾತ್ರೆಗಳು ನೆರೆಯುತ್ತವೆ. ದನಗಳ ಪ್ರದರ್ಶನ, ಹಣ್ಣು ತರಕಾರಿಗಳ ಬಹುಮಾನ, ಮಕ್ಕಳ ರಾಟವಾಳ ಇವುಗಳ ನಡುವೆ ಭಾರವೆಳೆಯುವ ಪಂದ್ಯವೂ ಏರ್ಪಡುವುದುಂಟು. ಅಲ್ಲಿ ಎಳೆಯತಕ್ಕದ್ದು ಎತ್ತಲ್ಲ, ಕುದುರೆಯಲ್ಲ. ರೈತನು ವಾರವೆಲ್ಲ ಹುಲ್ಲು, ಬೀಜ, ಸಾಮಾನುಗಳನ್ನು ಹೇರಿಕೊಂಡು ತಿರುಗುವ ಪಿಕಪ್ ಎಂಬ ಸಣ್ಣ ಲಾರಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತುಗಳಿಂದ ಭಾರವೆಳೆಸುವುದನ್ನು ಕಂಡ ಓದುಗರಿಗೆ ಈ ನೋಟದ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಂದ್ಯದ ಮೂಲವು ಕುದುರೆಗಳ ಕಾಲದ್ದು. ನೆರೆಹೊರೆಯ ರೈತರು ತಮ್ಮ ತಮ್ಮ ಕುದುರೆಗಳ ಕಸುವನ್ನು ಪರೀಕ್ಷಿಸುತ್ತಿದ್ದ ವಾಡಿಕೆಯು, ಹೊಲಕ್ಕೆ ಟ್ರಾಕ್ಟರು ಬಂದ ಮೇಲೆ ಅದಕ್ಕೂ ಅಂಟಿಕೊಂಡಿತು. ೧೯೨೯ರಲ್ಲಿ ಮಿಸೂರಿ ಮತ್ತು ಒಹಾಯೋ ಪ್ರಾಂತಗಳಲ್ಲಿ ಇಂತಹ ಯಂತ್ರಪಂದ್ಯಗಳು ಮೊದಲಾದುವೆಂದು ಹೇಳುತ್ತಾರೆ. ಊರಿಗೊಂದು ನಿಯಮವಿದ್ದುದನ್ನು ಸರಿಪಡಿಸುವುದಕ್ಕಾಗಿ ೧೯೬೯ರಲ್ಲಿ ಎಂಟು ಪ್ರಾಂತಗಳ ಪ್ರತಿನಿಧಿಗಳು ಕೂಡಿ ನ್ಯಾಷನಲ್ ಟ್ರಾಕ್ಟರ್ ಪುಲ್ಲರ್ಸ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿದರು. ಟ್ರಾಕ್ಟರುಗಳ ಬೆನ್ನಿಗೆ ಪಿಕಪ್ ಲಾರಿಗಳೂ ಕಣಕ್ಕಿಳಿದುವು.

ಎಳೆಯಬೇಕಾದ ಭಾರಕ್ಕೆ ಸ್ಲೆಡ್ ಎಂದು ಹೆಸರು. ಹಿಂದೆ ಅದು ಬರಿಯ ಜಾರುಹಲಗೆ; ದಾರಿಯುದ್ದಕ್ಕೂ ನಿಂತ ಜನರು ಒಬ್ಬೊಬ್ಬರಾಗಿ ಅದರ ಮೇಲೇರಿ ಭಾರವನ್ನು ಹೆಚ್ಚಿಸುತ್ತಿದ್ದರು. ಈಗಿನದು ಚತುರವಾದ ಯಂತ್ರ. ಅದರ ಹಿಂಭಾಗಕ್ಕೆ ಚಕ್ರಗಳು, ಮುಂಭಾಗಕ್ಕೆ ನೆಲವನ್ನು ಉಜ್ಜುವ ಉಕ್ಕಿನ ಅಗಲವಾದ ತಟ್ಟೆ. ಭಾರ ತುಂಬಿದ ಪೆಟ್ಟಿಗೆಯು ಮೊದಲು ಚಕ್ರಗಳ ಮೇಲಿರುವುದು. ಬಂಡಿಯು ಮುಂದೆ ಸಾಗಿದಂತೆಲ್ಲ ಪೆಟ್ಟಿಗೆಯು ಇಳಿಜಾರು ಕಂಬಿಗಳ ಮೇಲೆ ತೆವಳುತ್ತ ಮುಂಭಾಗಕ್ಕೆ ಬರುವುದು. ಆಗ ತಟ್ಟೆಯು ನೆಲಕ್ಕೆ ಒತ್ತಿಕೊಂಡು ಉಜ್ಜಾಟವು ಹೆಚ್ಚುತ್ತ ಹೋಗಿ, ಕಡೆಗೆ ಲಾರಿಯು ನಿಂತುಬಿಡುವುದು. ಹೆಚ್ಚು ದೂರ ಎಳೆದವನೇ ಗೆದ್ದವನು. ಕಣವು ಸಾಮಾನ್ಯವಾಗಿ ೩೦೦ ಅಡಿಗಳ ಆಸುಪಾಸಿನದು.

ಎಂಜಿನ್ನಿನ ಬಲ ಹೆಚ್ಚಿದ್ದವನೇ ಗೆಲ್ಲುವನೆಂದು ನೋಡುವವರು ತಿಳಿಯುವುದು ಸಹಜ. ಆದರೆ ಕಣದಲ್ಲಿ ಕಾಣಬರುವುದೇ ಬೇರೆ. ಬಲವಾದ ಲಾರಿಯೊಂದು ಗರ್ಜಿಸುತ್ತ ಹೊರಟು, ನೂರಡಿ ಸಾಗುವುದರೊಳಗಾಗಿ ಅದರ ಹಿಂಬದಿಯು ದಡದಡನೆ ಕುಪ್ಪಳಿಸತೊಡಗುತ್ತದೆ. ಟಯರು ನೆಲವನ್ನು ಒಮ್ಮೆ ಕಚ್ಚುವುದು, ಒಮ್ಮೆ ಬಿಡುವುದು. ಬಿಟ್ಟಾಗ ಬಲವು ವ್ಯರ್ಥ. ಮತ್ತೆ ಕಚ್ಚಿದಾಗ ಸುತ್ತಿಗೆಯ ಪೆಟ್ಟು. ಈ ಪೆಟ್ಟಿಗೆ ಪ್ರೊಪೆಲ್ಲರ್ ಷಾಫ್ಟು ತುಂಡಾಗುವುದುಂಟು, ಅಚ್ಚು ಮುರಿಯುವುದುಂಟು. ಭಾನುವಾರದ ವಿನೋದಕ್ಕಾಗಿ ಹೋದ ಲಾರಿಯು ಸೋಮವಾರ ಹೊಲಕ್ಕೆ ಬಾರದಿದ್ದರೆ ನಷ್ಟವು ಒಬ್ಬನದಲ್ಲ, ಸಂಸಾರದ್ದೆಲ್ಲ. ಆದುದರಿಂದ ಕುಪ್ಪಳಿಸದಂತೆ ಲಾರಿಯನ್ನು ಅಣಿಗೊಳಿಸುವುದೇ ಈ ವಿದ್ಯೆಯ ಸಾರ.

ಕುಪ್ಪಳಿಕೆಯ ಕಾರಣವು ಹೆಚ್ಚಾಗಿ ಹಿಂದಿನ ಕಮಾನು ಪಟ್ಟೆಗಳಲ್ಲಿದೆ. ಚಕ್ರವು ಮುಂದಕ್ಕೆ ಉರುಳಲು ಯತ್ನಿಸಿದಾಗ, ಅದನ್ನು ಹೊತ್ತ ಅಚ್ಚಿನ ಗೂಡು ಹಿಮ್ಮುಖವಾಗಿ ತಿರುಚಿಕೊಳ್ಳಲು ನೋಡುತ್ತದೆ; ಪಟ್ಟೆಗಳು ಹಾವಿನಂತೆ ಬಳುಕುತ್ತವೆ. ಟಯರಿನ ಹಿಡಿತವು ತಪ್ಪಿದೊಡನೆ ಪಟ್ಟೆಗಳು ಚಿಮ್ಮಿ ಮೊದಲಿನ ಸ್ಥಿತಿಗೆ ಬರುತ್ತವೆ. ಹಿಡಿತವು ಮರಳಿದೊಡನೆ ಮತ್ತೆ ಬಳುಕುತ್ತವೆ. ಹೀಗೆ ಕ್ಷಣಕ್ಷಣಕ್ಕೂ ನಡೆಯುವ ಎಳೆದಾಟವೇ ಕುಪ್ಪಳಿಕೆ.

ಇದಕ್ಕೆ ಪರಿಹಾರಗಳೆರಡು. ಒಂದನೆಯದು, ಅಚ್ಚಿನ ಗೂಡಿನಿಂದ ಮುಂದಣ ಚಾಸಿಯವರೆಗೆ ಎರಡು ಪಕ್ಕಗಳಲ್ಲಿಯೂ ಗಟ್ಟಿಯಾದ ಉಕ್ಕಿನ ಸಲಾಕೆಗಳನ್ನು ಬಿಗಿಯುವುದು. ಇದರಿಂದ ಗೂಡು ತಿರುಚಿಕೊಳ್ಳಲಾರದು. ಎರಡನೆಯದು, ಅಚ್ಚಿಗೂ ಚಾಸಿಗೂ ನಡುವೆ ಉಕ್ಕಿನ ತಡೆಗಟ್ಟೆಗಳನ್ನಿಟ್ಟು ಹಿಂಬದಿಯು ಕುಸಿಯದಂತೆ ಮಾಡುವುದು. ತಡೆಗಟ್ಟೆಗೂ ಅಚ್ಚಿಗೂ ಹೆಚ್ಚು ಸಂದು ಬಿಟ್ಟರೆ ಅದೇ ಹೊಸ ಪೆಟ್ಟಿಗೆ ಕಾರಣವಾದೀತು. ಪಂದ್ಯ ಮುಗಿದ ಮೇಲೆ ಬಿಚ್ಚಿ ತೆಗೆಯುವಂತಿದ್ದರೆ ಮನೆಯ ಕೆಲಸಕ್ಕೂ ಲಾರಿಯು ಒದಗುವುದು. ಕೆಲವು ತರಗತಿಗಳಲ್ಲಿ ಇಂತಹ ಮಾರ್ಪಾಟುಗಳಿಗೆ ಅಪ್ಪಣೆಯಿಲ್ಲ. ಆದಕಾರಣ ಮೊದಲು ನಿಯಮಾವಳಿಯನ್ನು ಓದಿ ಅನಂತರ ಕೈಹಾಕುವುದು ಲೇಸು.

ಇನ್ನು ಸರಪಳಿಯನ್ನು ಸಿಕ್ಕಿಸುವ ಕೊಂಡಿಯ ವಿಚಾರ. ಕೊಂಡಿಯು ಎತ್ತರದಲ್ಲಿದ್ದಷ್ಟೂ ಎಳೆತವು ಲಾರಿಯ ಮೂಗನ್ನು ಮೇಲೆತ್ತಿ ಹಿಂದಿನ ಚಕ್ರಗಳನ್ನು ಕೆಳಕ್ಕೊತ್ತುತ್ತದೆ. ಒಂದು ಲೆಕ್ಕವನ್ನು ನೋಡಿರಿ. ಎಳೆತವು ೪೦೦೦ ಪೌಂಡು, ಕೊಂಡಿಯ ಎತ್ತರವು ೨೬ ಅಂಗುಲ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರವು ೧೩೦ ಅಂಗುಲವೆಂದಿಟ್ಟುಕೊಳ್ಳೋಣ. ೪೦೦೦ವನ್ನು ೨೬ರಿಂದ ಗುಣಿಸಿ ೧೩೦ರಿಂದ ಭಾಗಿಸಿದರೆ ೮೦೦. ಎಂದರೆ ೮೦೦ ಪೌಂಡು ಭಾರವು ಮುಂದಿನ ಚಕ್ರಗಳನ್ನು ಬಿಟ್ಟು ಹಿಂದಿನವುಗಳ ಮೇಲೆ ಕುಳಿತಂತಾಯಿತು. ನಾಲ್ಕು ಚಕ್ರಗಳೂ ತಳ್ಳುವ ಲಾರಿಯಲ್ಲಿ ಮುಂದಿನ ಚಕ್ರಗಳು ಹಗುರಾದರೆ ಅರ್ಧ ಬಲವು ಸೋರಿಹೋಗುವುದಲ್ಲದೆ ಚಕ್ರವನ್ನು ತಿರುಗಿಸಿದರೂ ಲಾರಿಯು ತಿರುಗದು. ಈ ಕಾರಣದಿಂದಲೇ ಜಾಣರು ನಿಯಮವು ಒಪ್ಪುವ ಹೆಚ್ಚಿನ ಭಾರವನ್ನು ಲಾರಿಯ ಮುಂಭಾಗದಲ್ಲಿ ಹೇರುತ್ತಾರೆ. ಕೊಂಡಿಯ ಎತ್ತರವನ್ನು ನಿಯಮದ ಮಿತಿಯೊಳಗಿಟ್ಟು, ಹಿಂಬದಿಯು ಕುಸಿದರೂ ಅದು ತಗ್ಗದಂತೆ ನೋಡಿಕೊಳ್ಳುತ್ತಾರೆ.

ಟಯರುಗಳ ಗಾಳಿಯೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಗಾಳಿ ಹೆಚ್ಚಾದರೆ ನೆಲಕ್ಕೆ ತಾಗುವ ಭಾಗ ಕಿರಿದಾಗಿ ಹಿಡಿತವು ಕಡಮೆಯಾಗುವುದು. ತೀರ ಕಡಮೆಯಾದರೆ ಟಯರಿನ ಪಕ್ಕಗಳು ಸುಕ್ಕುಗಟ್ಟಿ ಅದೇ ಒಂದು ಸ್ಪ್ರಿಂಗಿನಂತೆ ಕುಪ್ಪಳಿಕೆಗೆ ನೆರವಾಗುವುದು. ಎಡ ಬಲ ಟಯರುಗಳು ಒಂದೇ ಅಳತೆಯವಾಗಿದ್ದು, ಗಾಳಿಯೂ ಸಮವಾಗಿರಬೇಕು. ಒಂದು ಸಲಕ್ಕೆ ಒಂದನ್ನೇ ಸ್ವಲ್ಪ ಸ್ವಲ್ಪವಾಗಿ ಬದಲಿಸಿ, ಫಲವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡವನಿಗೆ ತನ್ನ ಲಾರಿಯ ಹದವು ತಾನಾಗಿ ತಿಳಿಯುತ್ತದೆ.

ಇಷ್ಟಾದರೂ ಉಳಿದದ್ದು ಚಾಲಕನ ಕಾಲು. ಸರಪಳಿಯು ಸಡಿಲವಾಗಿರುವಾಗ ಜಗ್ಗಿದರೆ ಹೊಸ ಷಾಫ್ಟೂ ಉಳಿಯಲಾರದು. ಮೊದಲು ಮೆಲ್ಲಗೆ ಮುಂದಕ್ಕೆ ಸರಿದು ಸರಪಳಿಯನ್ನು ಬಿಗಿ ಮಾಡಬೇಕು; ಹಸುರು ಬಾವುಟ ಕಂಡ ಬಳಿಕ ಬಲವನ್ನು ಏರಿಸುತ್ತ ಹೋಗಬೇಕು. ಗೇರು ತೀರ ಕೆಳಗಿನದಾದರೆ ವೇಗ ಸಾಲದು. ತೀರ ಮೇಲಿನದಾದರೆ ಎಂಜಿನ್ನು ಉಸಿರುಗಟ್ಟಿ ನಿಲ್ಲುವುದು. ಕುಪ್ಪಳಿಕೆ ಶುರುವಾದರೆ ಹಟ ಹಿಡಿದು ಒತ್ತದೆ ಕಾಲನ್ನು ಹಿಂದೆಗೆಯುವುದೇ ವಿವೇಕ. ಹತ್ತಡಿ ಕಡಮೆ ಸಾಗಿದರೇನು, ಲಾರಿಯು ತನ್ನ ಚಕ್ರಗಳ ಮೇಲೆಯೇ ಮನೆಗೆ ಮರಳುವುದು.

ಮುರಿದ ಷಾಫ್ಟು ಚಾಲಕನ ಕಾಲಿಗೆ ಬಡಿಯದಂತೆ ಅದಕ್ಕೆ ಉಕ್ಕಿನ ಬಳೆ ತೊಡಿಸುವುದು, ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಪಟ್ಟಿ, ಕೈಗೆಟುಕುವಂತೆ ಬೆಂಕಿಯಾರಿಸುವ ಸಾಧನ, ಇವು ಅಲಂಕಾರಗಳಲ್ಲ. ಹೆಚ್ಚು ಬಲದ ಲಾರಿಗಳಲ್ಲಿ ಕೊಂಡಿ ಕಳಚಿದರೆ ಎಂಜಿನ್ನು ತಾನಾಗಿ ನಿಲ್ಲುವಂತೆ ಸ್ಲೆಡ್ಡಿಗೆ ತಂತಿಯೊಂದನ್ನು ಕಟ್ಟುವರು. ನೋಡುವ ಮಕ್ಕಳನ್ನು ಕಟಕಟೆಯಿಂದ ದೂರ ನಿಲ್ಲಿಸುವುದು ಹಿರಿಯರ ಹೊಣೆ.

ಕೆಸರಿನಲ್ಲಿ ಹೂತ ಗಾಡಿಯನ್ನು ಎಬ್ಬಿಸಿದ ಅನುಭವವುಳ್ಳ ಗೃಹಸ್ಥರು ಈ ಮಾತನ್ನು ಒಪ್ಪದಿರರು. ಎತ್ತುಗಳೆರಡೂ ಒಂದೇ ಉಸಿರಿನಲ್ಲಿ ನೊಗಕ್ಕೆ ಹೆಗಲೊಡ್ಡಿದರೆ ಗಾಡಿಯು ಮೇಲೇಳುವುದು. ಒಂದೊಂದಾಗಿ ಜಗ್ಗಿದರೆ ನೊಗವೇ ಮುರಿಯುವುದು. ಲಾರಿಗೂ ಇದೇ ನ್ಯಾಯ. ಬಲವನ್ನು ಹಣ ತೆತ್ತು ಕೊಳ್ಳಬಹುದು. ಆ ಬಲವನ್ನು ಒಡಕಿಲ್ಲದೆ ನೆಲಕ್ಕೆ ಮುಟ್ಟಿಸುವ ಹದವನ್ನು ಮಾತ್ರ ತಾಳ್ಮೆಯಿಂದಲೇ ಸಂಪಾದಿಸಬೇಕು.